ತೋಳ ಬಂತು ಅಂದರೂ ಅಪ್ಪ ನಂಬಲಿಲ್ಲ

‘ದಿ ವುಲ್ಫ್ ಮ್ಯಾನ್’ ನೋಡಿದವರು ಮೊದಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ. “ಇದರಲ್ಲಿ ಹೆದರೋಕೆ ಏನಿದೆ?”

ಏನೂ ಇಲ್ಲ, ನಿಜ. 1941ರ ಸಿನಿಮಾ ಇದು. ಕಪ್ಪು ಬಿಳುಪು, ಬರೀ 70 ನಿಮಿಷ. ಯೂನಿವರ್ಸಲ್ ಸ್ಟುಡಿಯೋದವರು ತೆಗೆದದ್ದು, ನಿರ್ದೇಶಕ ಜಾರ್ಜ್ ವ್ಯಾಗ್ನರ್. ಮನುಷ್ಯ ತೋಳವಾಗುವ ಕಥೆ. ಈಗಿನ ಹಾರರ್ ನೋಡಿ ಬೆಳೆದವರಿಗೆ ಇದರಲ್ಲಿ ಎದೆ ಝಲ್ಲೆನ್ನುವ ಜಾಗವೇ ಸಿಗುವುದಿಲ್ಲ. ಸಿಕ್ಕಿದವರಿಗೆಲ್ಲ ಈ ಸಿನಿಮಾ ತೋರಿಸುವ ಚಟ ನನಗಿದೆ. ತಂಗಿಯ ಮಗ ಅರ್ಧ ಗಂಟೆ ಸುಮ್ಮನಿದ್ದು, “ಮಾಮ, ತೋಳ ಯಾವಾಗ ಬರುತ್ತೆ?” ಅಂದ. ಪ್ರಶ್ನೆ ನ್ಯಾಯವಾದದ್ದೇ. ಹೀರೋ ತೋಳವಾಗುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಸಿನಿಮಾ ಮುಗಿದಿರುತ್ತದೆ. ಅದೂ ಮುಖ ತೋರಿಸುವುದಿಲ್ಲ. ಕಾಲು ಮಾತ್ರ. ಕುರ್ಚಿಯಲ್ಲಿ ಕೂತವನ ಪಾದದ ಮೇಲೆ ಕೂದಲು ಬೆಳೆಯುತ್ತಾ ಹೋಗುತ್ತದೆ, ಆಮೇಲೆ ಆ ಪಾದ ತುದಿಗಾಲಲ್ಲಿ ನಡೆಯಲು ಶುರುಮಾಡುತ್ತದೆ. ನಮ್ಮ ಹುಡುಗ ಕಿಸಕ್ಕನೆ ನಕ್ಕ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಲ್ಯಾರಿ ಟಾಲ್ಬಟ್ 18 ವರ್ಷ ಅಮೆರಿಕದಲ್ಲಿದ್ದು ವೇಲ್ಸ್‌ನ ತನ್ನ ಊರಿಗೆ ವಾಪಸ್ಸು ಬರುತ್ತಾನೆ. ಅಣ್ಣ ಬೇಟೆಯಲ್ಲಿ ಸತ್ತಿದ್ದಾನೆ. ಅಪ್ಪ ಸರ್ ಜಾನ್ ಆ ಊರಿನ ದೊಡ್ಡ ಮನೆತನದ ಯಜಮಾನ. ಲ್ಯಾರಿ ಹಳೇ ವಸ್ತುಗಳ ಅಂಗಡಿಯಲ್ಲಿ ಗ್ವೆನ್ ಅನ್ನೋ ಹುಡುಗಿಯನ್ನು ನೋಡಿ, ಮಾತಾಡಲು ನೆಪ ಬೇಕಲ್ಲ, ಬೆಳ್ಳಿಯ ತೋಳದ ತಲೆಯಿರುವ ಒಂದು ಊರುಗೋಲು ಕೊಳ್ಳುತ್ತಾನೆ. ರಾತ್ರಿ ಅವಳ ಜೊತೆ, ಅವಳ ಗೆಳತಿ ಜೆನ್ನಿಯ ಜೊತೆ, ಊರಾಚೆ ಬೀಡುಬಿಟ್ಟ ಅಲೆಮಾರಿಗಳ ಹತ್ತಿರ ಕಣಿ ಕೇಳಲು ಹೋಗುತ್ತಾನೆ. ಅಲ್ಲಿ ತೋಳವೊಂದು ಜೆನ್ನಿಯ ಮೇಲೆ ಬೀಳುತ್ತದೆ. ಲ್ಯಾರಿ ಓಡಿಹೋಗಿ ಅದನ್ನು ಬೆಳ್ಳಿ ಕೋಲಿನಿಂದ ಬಡಿದು ಕೊಲ್ಲುತ್ತಾನೆ. ಅಷ್ಟರಲ್ಲಿ ಅದು ಅವನನ್ನು ಕಚ್ಚಿರುತ್ತದೆ. ಆಮೇಲೆ ನೋಡಿದರೆ ಅಲ್ಲಿ ಬಿದ್ದಿರುವುದು ತೋಳವಲ್ಲ, ಕಣಿ ಹೇಳಿದ ಬೆಲಾನ ಹೆಣ. ಬರಿಗಾಲಲ್ಲಿ.

ಇನ್ನು ದೂರುಗಳು. ಅವನ್ನು ಕೇಳುವುದೇ ಒಂದು ಮಜ.

ಬೆಲಾ ತೋಳವಾದಾಗ ನಾಲ್ಕು ಕಾಲಿನ ನಿಜವಾದ ಪ್ರಾಣಿಯಾಗುತ್ತಾನೆ. ಲ್ಯಾರಿ ತೋಳವಾದಾಗ ಎರಡು ಕಾಲಲ್ಲೇ ನಡೆಯುವ, ಪ್ಯಾಂಟು ಶರ್ಟು ತೊಟ್ಟ ಕೂದಲ ಮನುಷ್ಯನಾಗುತ್ತಾನೆ. ಒಂದೇ ಕಡಿತ, ಎರಡು ನಮೂನೆ. ಯಾಕೆ? ಸಿನಿಮಾದಲ್ಲಿ ಉತ್ತರ ಇಲ್ಲ. ಇನ್ನೊಂದು, ಬನಿಯನ್ ಸಮಾಚಾರ. ಲ್ಯಾರಿ ಕುರ್ಚಿಯಲ್ಲಿ ಕೂತು ತೋಳವಾಗುವಾಗ ಮೈಮೇಲೆ ಇರುವುದು ಬನಿಯನ್. ಕಾಡಿಗೆ ಬರುವ ಹೊತ್ತಿಗೆ ಕಪ್ಪು ಶರ್ಟು ಹಾಕಿ ಗುಂಡಿಯನ್ನೂ ಹಾಕಿಕೊಂಡಿರುತ್ತಾನೆ! ಕೊಲ್ಲಲು ಹೊರಟ ತೋಳ ಬೀರು ತೆಗೆದು ಶರ್ಟು ಆರಿಸಿತೇ ಅಂತ ಎಂಬತ್ತು ವರ್ಷಗಳಿಂದ ಜನ ನಗುತ್ತಿದ್ದಾರೆ. ನಗಲಿ ಬಿಡಿ.

ಡ್ರಾಕುಲಾ ಖ್ಯಾತಿಯ ಬೆಲಾ ಲುಗೋಸಿ ಇದ್ದಾನೆ ಅಂತ ಆಸೆಯಿಂದ ಕೂತವರಿಗೆ ನಿರಾಸೆ ಖಂಡಿತ. ಕಣಿ ಹೇಳುವ ಆ ಬೆಲಾನೇ ಲುಗೋಸಿ. ಪಾತ್ರದ ಹೆಸರೂ ಬೆಲಾ. ಬಂದ, ಜೆನ್ನಿಯ ಅಂಗೈಯಲ್ಲಿ ಐದು ಮೂಲೆಯ ನಕ್ಷತ್ರ ಕಂಡ, ಗಾಬರಿಯಾಗಿ ಅವಳನ್ನು ಹೊರಡು ಅಂದ, ಸತ್ತ. ಅಷ್ಟೇ ಪಾತ್ರ. ಆದರೆ ಆ ನಕ್ಷತ್ರ ಕಂಡಾಗಿನ ಅವನ ಮುಖ ನೋಡಿ. ಮುಂದೆ ಸಾಯುವವಳು ಇವಳು, ಕೊಲ್ಲುವವನು ನಾನು ಅಂತ ಅವನಿಗೆ ಗೊತ್ತಾಗಿದೆ. ಡೈಲಾಗ್ ಇಲ್ಲದೆ ಕಣ್ಣಲ್ಲೇ ಅಷ್ಟನ್ನೂ ಹೇಳಿದ್ದಾನೆ. ಲುಗೋಸಿಗೆ ಚಿಕ್ಕ ಪಾತ್ರ ಕೊಟ್ಟು ಅನ್ಯಾಯ ಮಾಡಿದರು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ವಯಸ್ಸಿನ ಲೆಕ್ಕ ಇನ್ನೂ ಚೆನ್ನಾಗಿದೆ. ಬೆಲಾನ ತಾಯಿ ಮಾಲೆವಾ ಆಗಿ ನಟಿಸಿದವಳು ಮರಿಯಾ ಉಸ್ಪೆನ್ಸ್ಕಾಯ. ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ನಟನೆಯ ಗುರು ಸ್ಟಾನಿಸ್ಲಾವ್ಸ್ಕಿಯ ಕೈಕೆಳಗೆ ಕಲಿತ ನಟಿ, ಎರಡು ಸಲ ಆಸ್ಕರ್‌ಗೆ ನಾಮನಿರ್ದೇಶನ ಆದವಳು. ಅವಳು ಹುಟ್ಟಿದ್ದು 1876ರಲ್ಲಿ. ‘ಮಗ’ ಲುಗೋಸಿ ಹುಟ್ಟಿದ್ದು 1882ರಲ್ಲಿ. ಆರೇ ವರ್ಷದ ತಾಯಿ ಮಗ! ಇತ್ತ ಸರ್ ಜಾನ್ ಪಾತ್ರದ ಕ್ಲಾಡ್ ರೇನ್ಸ್ 1889ರವನು, ಮಗ ಲ್ಯಾರಿಯಾದ ಲಾನ್ ಚೇನಿ ಜೂನಿಯರ್ 1906ರವನು. 17 ವರ್ಷವೂ ಪೂರ್ತಿ ಇಲ್ಲ. ಅದಾದರೂ ಹೋಗಲಿ, ಅಪ್ಪ ಕುಳ್ಳ, ನಾಜೂಕಿನ ಇಂಗ್ಲಿಷ್ ಸಭ್ಯ. ಮಗ ಬಾಗಿಲಿಗೆ ತಲೆ ತಾಗುವಂಥ ದಾಂಡಿಗ, ಮಾತು ಅಪ್ಪಟ ಅಮೆರಿಕನ್. ಇಬ್ಬರೂ ಪಕ್ಕಪಕ್ಕ ನಿಂತರೆ ಯಾವ ಕೋನದಿಂದಲೂ ಅಪ್ಪ ಮಗ ಅನ್ನಿಸುವುದಿಲ್ಲ.

ಈ ದೂರನ್ನು ಮಾತ್ರ ನಾನು ತಿರುಗಿಸಿ ಹಿಡಿಯುತ್ತೇನೆ. ಚೇನಿ ಆ ಮನೆಗೆ ಹೊಂದುವುದೇ ಇಲ್ಲ, ಅದೇ ಸಿನಿಮಾಕ್ಕೆ ಬಂದ ಭಾಗ್ಯ. ಹಳೇ ಬಂಗಲೆಯ ಕೆತ್ತನೆ ಕುರ್ಚಿಯಲ್ಲಿ ಅವನು ಕೂತರೆ ಕುರ್ಚಿ ಮುರಿಯುತ್ತೇನೋ ಅನ್ನಿಸುತ್ತದೆ. ಕೈಕೆಲಸ ಬಲ್ಲವನು. ಅಪ್ಪನ ದೂರದರ್ಶಕ ರಿಪೇರಿ ಮಾಡಿಕೊಡುತ್ತಾನೆ, ಆದರೆ ನಕ್ಷತ್ರ ಗಿಕ್ಷತ್ರ ತನಗೆ ತಿಳಿಯದು ಅನ್ನುತ್ತಾನೆ. ಚೇನಿಯ ಸ್ವಂತ ಬದುಕಿನಲ್ಲೂ ಇದೇ ಕಥೆಯ ನೆರಳು ಉಂಟು. ಅವನ ಅಪ್ಪ ಲಾನ್ ಚೇನಿ ಮೂಕಿ ಕಾಲದ ಮಹಾನಟ, ‘ಸಾವಿರ ಮುಖದ ಮನುಷ್ಯ’ ಅಂತ ಹೆಸರಾದವನು. 1930ರಲ್ಲಿ ತೀರಿಕೊಂಡ. ಮಗನ ನಿಜವಾದ ಹೆಸರು ಕ್ರೈಟನ್. 1935ರ ಹೊತ್ತಿಗೆ ಅಪ್ಪನ ಹೆಸರನ್ನೇ ಇಟ್ಟುಕೊಂಡು ನಟಿಸಬೇಕಾಯಿತು. ದೊಡ್ಡ ಅಪ್ಪನ ಮನೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ತಿಳಿಯದ ಮಗನ ಪಾತ್ರಕ್ಕೆ ಇನ್ನೆಂಥ ತಯಾರಿ ಬೇಕು ಹೇಳಿ.

ಆ ದೂರದರ್ಶಕದ ವಿಷಯ ಬಂತಲ್ಲ. ಈಗಿನ ನೋಡುಗರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸರಿಯಾಗಿ ಕಸಿವಿಸಿ ಆಗುವುದು ಅಲ್ಲೇ. ಲ್ಯಾರಿ ಅದನ್ನು ಊರಿನ ಕಡೆ ತಿರುಗಿಸಿ ಗ್ವೆನ್‌ಳ ಕೋಣೆಯೊಳಗೆ ಇಣುಕುತ್ತಾನೆ. ಆಮೇಲೆ ಅಂಗಡಿಗೆ ಹೋಗಿ, ನಿನ್ನ ಮೇಜಿನ ಮೇಲೆ ಅರ್ಧಚಂದ್ರದ ಓಲೆ ಇದೆಯಲ್ಲ, ಅದು ಬೇಕು ಅನ್ನುತ್ತಾನೆ. ಅವಳು ಬರಲ್ಲ ಅಂದರೂ ಬಿಡುವುದಿಲ್ಲ. ಅವಳಿಗೆ ಮದುವೆ ಬೇರೆ ನಿಶ್ಚಯವಾಗಿದೆ. 1941ರಲ್ಲಿ ಇದು ತುಂಟತನ. ಇವತ್ತು ನೋಡಿದ ನನ್ನ ಗೆಳತಿಯೊಬ್ಬಳು, “ಇವನನ್ನ ತೋಳ ಕಚ್ಚಿದ್ದೇ ಸರಿ” ಅಂದುಬಿಟ್ಟಳು. ಅವಳ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅಲೆಮಾರಿ ರೋಮಾ ಜನರನ್ನು ಶಾಪ, ಕಣಿ, ಮಾಟಕ್ಕಷ್ಟೇ ಕಟ್ಟಿಹಾಕಿದ್ದಾರೆ ಅನ್ನುವ ದೂರೂ ಹಾಗೇ. ಮಾಲೆವಾಗೆ ಉಸ್ಪೆನ್ಸ್ಕಾಯ ಕೊಟ್ಟ ಘನತೆ ದೊಡ್ಡದು, ಆದರೂ ಅಚ್ಚು ಹಳೆಯದೇ.

ಇನ್ನು ಆ ವೇಲ್ಸ್. ಅದು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಕಟ್ಟಿದ ವೇಲ್ಸ್. ಒಬ್ಬನ ಬಾಯಲ್ಲೂ ಒಂದು ವೆಲ್ಷ್ ಮಾತಿಲ್ಲ. ಕಾರು ಇದೆ, ಕುದುರೆ ಗಾಡಿಯೂ ಇದೆ. ಕಾಲ ಯಾವುದು ಅಂತ ಹೇಳಲು ಬರುವುದಿಲ್ಲ. ಅದೇ 1941ರ ಫೆಬ್ರವರಿಯಲ್ಲಿ ಜರ್ಮನ್ ವಿಮಾನಗಳು ವೇಲ್ಸ್‌ನ ಸ್ವಾನ್ಸಿ ಪಟ್ಟಣದ ಮೇಲೆ ಸತತ ಮೂರು ರಾತ್ರಿ ಬಾಂಬು ಸುರಿಸಿದ್ದವು. ಸಿನಿಮಾದ ವೇಲ್ಸ್‌ಗೆ ಯುದ್ಧದ ಸುದ್ದಿಯೇ ಮುಟ್ಟಿಲ್ಲ. ಬರೀ ಮಂಜು. ಮೊಣಕಾಲಿನವರೆಗೆ ಹಾಲಿನಂತೆ ನಿಂತ ಮಂಜು, ಅದರ ಮೇಲೆ ಕಪ್ಪಗೆ ಸೊಟ್ಟ ಮರಗಳು. ನೋಡಿದವರೆಲ್ಲ ಒಂದೇ ದನಿಯಲ್ಲಿ ಮೆಚ್ಚುವುದು ಇದನ್ನು. ಬಣ್ಣದಲ್ಲಿ ತೆಗೆದಿದ್ದರೆ ಈ ಕಾಡು ನಾಟಕ ಕಂಪನಿಯ ಪರದೆಯಂತೆ ಕಾಣುತ್ತಿತ್ತು.

ಮೇಕಪ್ ಮಾಡಿದವನು ಜ್ಯಾಕ್ ಪಿಯರ್ಸ್. ಫ್ರಾಂಕನ್‌ಸ್ಟೈನ್‌ನ ದೈತ್ಯನ ಮುಖ ಮಾಡಿದವನೂ ಅವನೇ. ಯಾಕ್ ಎತ್ತಿನ ಕೂದಲನ್ನು ಮುಖಕ್ಕೆ ಅಂಟಿಸಿ, ಕಾದ ಕಬ್ಬಿಣದಿಂದ ಸುಟ್ಟು ಸುರುಳಿ ಮಾಡುತ್ತಿದ್ದ. ಗಂಟೆಗಟ್ಟಲೆ ಕೆಲಸ. ಚೇನಿಗೂ ಅವನಿಗೂ ಅಷ್ಟಕ್ಕಷ್ಟೇ. ಆ ಕೂದಲಿನೊಳಗೆ ನಟನ ಕಣ್ಣು ಮಾತ್ರ ಬಿಟ್ಟಿದ್ದಾನೆ ಪಿಯರ್ಸ್. ಅದಕ್ಕೇ ಎಷ್ಟೇ ಹಲ್ಲು ಕಿರಿದರೂ ಅದು ಲ್ಯಾರಿಯೇ.

ಬರೆದವನ ಬಗ್ಗೆ ಜಾಸ್ತಿ ಹೇಳಬೇಕು. ಕರ್ಟ್ ಸಿಯೋಡ್ಮಾಕ್. 1902ರಲ್ಲಿ ಡ್ರೆಸ್ಡನ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟ. ಇಂಗ್ಲೆಂಡಿನಲ್ಲಿದ್ದು, 1937ರಲ್ಲಿ ಅಮೆರಿಕ ಸೇರಿದ. ಈ ಸಿನಿಮಾಕ್ಕಾಗಿ ಅವನು ನಾಲ್ಕು ಸಾಲಿನ ಒಂದು ಪದ್ಯ ಕಟ್ಟಿದ. ಮನಸ್ಸು ಶುದ್ಧವಾಗಿದ್ದು, ರಾತ್ರಿ ತಪ್ಪದೆ ಪ್ರಾರ್ಥನೆ ಮಾಡುವವನೂ ತೋಳವಾಗಬಹುದು, ವುಲ್ಫ್‌ಬೇನ್ ಹೂಬಿಟ್ಟು ಶರತ್ಕಾಲದ ಚಂದ್ರ ಬೆಳಗಿದಾಗ ಅಂತ ಅದರ ಸಾರ. ವುಲ್ಫ್‌ಬೇನ್ ಅಂದರೆ ನಮ್ಮ ಗ್ರಂಧಿಗೆ ಅಂಗಡಿಯ ವತ್ಸನಾಭಿಯ ಜಾತಿಯ ವಿಷದ ಗಿಡ. ಜನ ಇದನ್ನು ಯುರೋಪಿನ ಅಜ್ಜಿಯರ ಕಾಲದ ಪದ್ಯ ಅಂತಲೇ ನಂಬಿದರು. ಸಿನಿಮಾದಲ್ಲಿ ಗ್ವೆನ್ ಒಮ್ಮೆ, ಜೆನ್ನಿ ಒಮ್ಮೆ, ಸರ್ ಜಾನ್ ಒಮ್ಮೆ ಅದನ್ನೇ ಒಪ್ಪಿಸುತ್ತಾರೆ. “ಊರಿಗೆಲ್ಲ ಬಾಯಿಪಾಠ ಮಾಡಿಸಿದ್ದಾರಾ?” ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಹಾಗೆ ಮಾಡಿಸಿದ್ದಕ್ಕೇ ನೋಡಿದವರೂ ಅದನ್ನು ಹಳೇ ಪದ್ಯ ಅಂತ ನಂಬಿದ್ದು.

ಇನ್ನೊಂದು ತಮಾಷೆ. ತೋಳಮನುಷ್ಯ ಅಂದಕೂಡಲೇ ನೆನಪಾಗುವ ಹುಣ್ಣಿಮೆ ಈ ಸಿನಿಮಾದ ಪದ್ಯದಲ್ಲಿ ಇಲ್ಲವೇ ಇಲ್ಲ. ಹುಣ್ಣಿಮೆಯ ಚಂದ್ರ ಪದ್ಯಕ್ಕೆ ಬಂದದ್ದು 1943ರ ಮುಂದಿನ ಭಾಗದಲ್ಲಿ, ‘ಶರತ್ಕಾಲ’ ತೆಗೆದು ಸೇರಿಸಿದಾಗ. ಹಳೇ ಯುರೋಪಿನಲ್ಲಿ ತೋಳವಾಗುತ್ತಿದ್ದವರ ಕಥೆಯೂ ಬೇರೆ. 1589ರಲ್ಲಿ ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಅನ್ನುವವನನ್ನು ತೋಳಮನುಷ್ಯ ಅಂತ ಘೋರವಾಗಿ ಕೊಂದರು. ಅವನಿಗೆ ಸೈತಾನ ಒಂದು ಸೊಂಟಪಟ್ಟಿ ಕೊಟ್ಟಿದ್ದನಂತೆ, ಕಟ್ಟಿಕೊಂಡರೆ ತೋಳವಾಗುತ್ತಿದ್ದನಂತೆ. ಚಿತ್ರಹಿಂಸೆಯ ಬೆದರಿಕೆಯಲ್ಲಿ ಹೇಳಿಸಿದ ಮಾತು ಅದು. ಅಂದರೆ ಆಗಿನ ನಂಬಿಕೆಯಲ್ಲಿ ತೋಳವಾಗುವವನು ಬೇಕೆಂದೇ ಆಗುತ್ತಿದ್ದ, ಸೈತಾನನ ಜೊತೆ ಕೈಜೋಡಿಸಿದ ಪಾಪಿ. ಲ್ಯಾರಿ ಮಾಡಿದ ಪಾಪ ಏನು? ಕಿರುಚಿದ ಹುಡುಗಿಯನ್ನು ಉಳಿಸಲು ಓಡಿದ್ದು.

ಹೆದರಿಕೆ ಆಗಲಿಲ್ಲ ಅನ್ನುವವರು ತೋಳವನ್ನು ನೋಡುತ್ತಿರುತ್ತಾರೆ. ನಾನು ನೋಡುವುದು ಲ್ಯಾರಿಯ ಸುತ್ತ ಇರುವವರನ್ನು. ನಾನು ತೋಳವನ್ನು ಕೊಂದೆ ಅನ್ನುತ್ತಾನೆ, ಯಾರೂ ನಂಬುವುದಿಲ್ಲ. ಕಚ್ಚಿದ ಗಾಯ ತೋರಿಸೋಣ ಅಂದರೆ ಅದು ರಾತ್ರಿ ಬೆಳಗಾಗುವುದರಲ್ಲಿ ಮಾಯವಾಗಿದೆ. ಊರಿನವರ ಕಣ್ಣಿಗೆ ಅವನೊಬ್ಬ ಕೊಲೆಗಾರ. ಭಾನುವಾರ ಚರ್ಚಿಗೆ ಹೋಗುತ್ತಾನೆ, ಬಾಗಿಲ ಹತ್ತಿರವೇ ನಿಲ್ಲುತ್ತಾನೆ. ಒಬ್ಬೊಬ್ಬರಾಗಿ ತಲೆಗಳು ಹಿಂದಕ್ಕೆ ತಿರುಗುತ್ತವೆ. ಯಾರೂ ಏನೂ ಅನ್ನುವುದಿಲ್ಲ. ಅವನು ಟೋಪಿ ಹಿಡಿದು ವಾಪಸ್ಸು ಹೋಗುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಮೈ ಜುಂ ಅನ್ನಿಸುವ ಜಾಗ ಇದು. ಇದರಲ್ಲಿ ಒಂದು ಎಳೆ ಯಾಕ್ ಕೂದಲೂ ಇಲ್ಲ.

ಜಾತ್ರೆಯಲ್ಲಿ ಗುರಿ ಹೊಡೆಯುವ ಆಟದ ದೃಶ್ಯ ಇನ್ನೊಂದು. ತಗಡಿನ ಪ್ರಾಣಿಗಳಿಗೆ ಲ್ಯಾರಿ ಗುಂಡು ಹೊಡೆಯುತ್ತಾನೆ. ಕೊನೆಗೆ ತಗಡಿನ ತೋಳ ಎದುರಿಗೆ ಬಂದಾಗ ಕೈ ನಿಂತುಹೋಗುತ್ತದೆ. ಎಲ್ಲರೂ ಅವನನ್ನೇ ನೋಡುತ್ತಿದ್ದಾರೆ.

ಡಾಕ್ಟರು ಮನಸ್ಸಿನ ಕಾಯಿಲೆ ಅನ್ನುತ್ತಾನೆ. ಅಪ್ಪನೂ ಹೆಚ್ಚುಕಡಿಮೆ ಅದನ್ನೇ ಅನ್ನುತ್ತಾನೆ. ಇಲ್ಲಿ ಕ್ಲಾಡ್ ರೇನ್ಸ್‌ನ ನಟನೆ ಗಮನಿಸಿ. ಸರ್ ಜಾನ್ ಕೆಟ್ಟವನಲ್ಲ. ಮಗನನ್ನು ಹೀಯಾಳಿಸುವುದಿಲ್ಲ. ಎಷ್ಟೋ ವರ್ಷದ ಮೇಲೆ ಸಿಕ್ಕ ಮಗ, ಹಿರಿಯವನು ಹೋದ ಮೇಲೆ ಉಳಿದವನು. ಅವನಿಗೆ ಇರುವುದು ಮಗನ ಮೇಲಿನ ಪ್ರೀತಿ, ವಿಜ್ಞಾನದ ಮೇಲಿನ ವಿಶ್ವಾಸ. ಎರಡೂ ಒಳ್ಳೆಯವೇ, ಎರಡೂ ಸೇರಿ ಮಗನ ಮಾತಿಗೆ ಬಾಗಿಲು ಹಾಕುತ್ತವೆ. ‘ತೋಳ ಬಂತು ತೋಳ’ ಕಥೆಯ ಹುಡುಗನಾದರೂ ಮೊದಲು ಸುಳ್ಳು ಹೇಳಿದ್ದ. ಈ ಹುಡುಗ ಒಂದು ಸಲವೂ ಸುಳ್ಳು ಹೇಳಿಲ್ಲ.

ಕೊನೆಯ ರಾತ್ರಿ ಲ್ಯಾರಿ ಗ್ವೆನ್‌ಳ ಅಂಗೈಯಲ್ಲಿ ನಕ್ಷತ್ರ ಕಾಣುತ್ತಾನೆ. ಓಡಿ ಅಪ್ಪನ ಹತ್ತಿರ ಬರುತ್ತಾನೆ. ಅಪ್ಪ ಅವನನ್ನು ಕುರ್ಚಿಗೆ ಕಟ್ಟುತ್ತಾನೆ. ಕಿಟಕಿ, ಬಾಗಿಲು ಭದ್ರ ಮಾಡುತ್ತಾನೆ. ಶಿಕ್ಷೆಗಲ್ಲ, ಬೆಳಗಾದ ಮೇಲೆ ನೋಡಪ್ಪಾ ಏನೂ ಆಗಲಿಲ್ಲ ಅಂತ ತೋರಿಸಲು. ಹಾಗೆ ತೋರಿಸಬೇಕಾದವನು ಜೊತೆಯಲ್ಲಿ ಕೂರುವುದಿಲ್ಲ. ಹೊರಗೆ ತೋಳದ ಬೇಟೆಗೆ ಸೇರಿದ ಜನರ ಜೊತೆ ಹೊರಡುತ್ತಾನೆ. ಮಗ ಬೇಡುವುದು ಒಂದೇ, ಆ ಬೆಳ್ಳಿ ಕೋಲು ತೆಗೆದುಕೊಂಡು ಹೋಗು. ಅಪ್ಪ ಮಗನ ಸಮಾಧಾನಕ್ಕೆ ಅದನ್ನು ಹಿಡಿದು ಹೋಗುತ್ತಾನೆ.

ಆಮೇಲೆ ಏನಾಗುತ್ತದೆ ಅಂತ ನೀವೇ ಊಹಿಸಿರುತ್ತೀರಿ. ಮಂಜಿನಲ್ಲಿ ತೋಳ ಗ್ವೆನ್‌ಳ ಮೇಲೆ ಬೀಳುತ್ತದೆ, ಸರ್ ಜಾನ್ ಅದೇ ಕೋಲಿನಿಂದ ಬಡಿಯುತ್ತಾನೆ. ಒಂದಲ್ಲ, ಮತ್ತೆ ಮತ್ತೆ. ಆ ಕುಳ್ಳ ಸಭ್ಯ ಮನುಷ್ಯ ಹಾಗೆ ಬಡಿಯುವುದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ಮಾಲೆವಾ ಬಂದು, ಬೆಲಾನ ಹೆಣದ ಮುಂದೆ ಹೇಳಿದ ಅದೇ ಮಾತುಗಳನ್ನು ಇವನ ಮುಂದೆ ಹೇಳುತ್ತಾಳೆ. ನೀನು ನಡೆದ ದಾರಿ ಮುಳ್ಳಿನದು, ತಪ್ಪು ನಿನ್ನದಲ್ಲ ಅಂತ. ತೋಳದ ಮುಖ ಕರಗಿ ಮಗನ ಮುಖ ಬರುತ್ತದೆ. ರೇನ್ಸ್ ಏನೂ ಮಾತಾಡುವುದಿಲ್ಲ.

ಇಲ್ಲಿ ಒಂದು ಸಣ್ಣ ಡೈಲಾಗ್ ಇದೆ. ಜಾಸ್ತಿ ಜನ ಗಮನಿಸುವುದಿಲ್ಲ, ಅಷ್ಟು ಹೊತ್ತಿಗೆ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಊರಿನ ಪೊಲೀಸ್ ಅಧಿಕಾರಿ ಮಾಂಟ್‌ಫೋರ್ಡ್ ಓಡಿ ಬಂದು ನೋಡಿ ತೀರ್ಪು ಕೊಡುತ್ತಾನೆ. ತೋಳ ಗ್ವೆನ್‌ಳ ಮೇಲೆ ಬಿದ್ದಿರಬೇಕು, ಲ್ಯಾರಿ ಅವಳನ್ನು ಉಳಿಸಲು ಬಂದಿರಬೇಕು ಅಂತ. ಹುಡುಗಿಯ ಮೇಲೆ ತೋಳ ಬಿತ್ತು, ನಾನು ಉಳಿಸಲು ಹೋದೆ. ಮೊದಲ ರಾತ್ರಿಯ ಬಗ್ಗೆ ಲ್ಯಾರಿ ಇದೇ ಮಾಂಟ್‌ಫೋರ್ಡ್‌ಗೆ ಹೇಳಿದ್ದು ಇದನ್ನೇ ಅಲ್ವಾ? ಆಗ ಅದು ಸತ್ಯವಾಗಿತ್ತು, ಯಾರೂ ನಂಬಲಿಲ್ಲ. ಈಗ ಅದು ಸುಳ್ಳು. ಊರೆಲ್ಲ ನಂಬುತ್ತದೆ. ಸತ್ಯ ಗೊತ್ತಿರುವ ಅಪ್ಪ ಸುಮ್ಮನೆ ನಿಂತಿದ್ದಾನೆ.

ಇದನ್ನು ಬರೆದವನು ಊರು ಬಿಟ್ಟು ಓಡಿ ಬಂದ ಯಹೂದಿ ಅನ್ನುವುದನ್ನು ಪಕ್ಕಕ್ಕಿಟ್ಟು ನೋಡಲು ನನಗಾಗುವುದಿಲ್ಲ. ನೆರೆಯವರೇ ತೋಳವಾಗುವುದು, ಮುಂದೆ ಸಾಯುವವರ ಮೇಲೆ ನಕ್ಷತ್ರದ ಗುರುತು ಕಾಣುವುದು. ಜರ್ಮನಿಯಲ್ಲಿ ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು ಅನ್ನುವ ಕಾನೂನು ಬಂದದ್ದು 1941ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಆರು ಮೂಲೆ, ಸಿನಿಮಾದ್ದಕ್ಕೆ ಐದು. ಸಿಯೋಡ್ಮಾಕ್ ಲೆಕ್ಕ ಹಾಕಿ ಬರೆದ ಅಂತ ನಾನು ವಾದ ಮಾಡುತ್ತಿಲ್ಲ. ಅವನು ಮೊದಲು ಬರೆದ ಕಥೆಯಲ್ಲಿ ಲ್ಯಾರಿ ನಿಜಕ್ಕೂ ತೋಳವಾಗುತ್ತಾನೋ, ಅದು ಅವನ ತಲೆಯೊಳಗಿನ ಭ್ರಮೆಯೋ ಅನ್ನುವುದು ಸ್ಪಷ್ಟವಿರಲಿಲ್ಲ. ಸ್ಟುಡಿಯೋಗೆ ತೋಳ ಕಣ್ಣಿಗೆ ಕಾಣಬೇಕಿತ್ತು. ಕಂಡಿತು.

ಬಿಡುಗಡೆಯಾದ ದಿನವೂ ಎಂಥದ್ದು ನೋಡಿ. 1941ರ ಡಿಸೆಂಬರ್ 12. ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಗಿ ಐದು ದಿನ. ಇಂಥ ಹೊತ್ತಲ್ಲಿ ಯಾರು ಬರುತ್ತಾರೆ ಅಂದುಕೊಂಡರೆ ಜನ ಮುಗಿಬಿದ್ದು ಬಂದರು. 1957ರಲ್ಲಿ ಯೂನಿವರ್ಸಲ್‌ನ ಹಳೇ ಹಾರರ್ ಸಿನಿಮಾಗಳು ಹಲವು ಒಟ್ಟಾಗಿ ಅಮೆರಿಕದ ಟಿವಿಗೆ ಬಂದಾಗ ಇದೂ ಬಂತು. ಆಗ ಇದನ್ನು ನೋಡಿ ಮರುಳಾದ ಹುಡುಗರೇ ಈ ಸಿನಿಮಾವನ್ನು ಇವತ್ತಿನವರೆಗೂ ಹೊತ್ತು ತಂದವರು. ಡ್ರಾಕುಲಾ ಅವರಿಗೆ ಹೆದರಿಕೆ ಹುಟ್ಟಿಸಿದ, ಲ್ಯಾರಿ ಪಾಪ ಅನ್ನಿಸಿದ. ಮೈಯಲ್ಲಿ ಇದ್ದಕ್ಕಿದ್ದಂತೆ ಕೂದಲು ಬರುವುದು, ಕೋಪ ತಡೆಯಲಾಗದಿರುವುದು, ಹೇಳಿದ್ದನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದಿರುವುದು. ಹದಿಮೂರರ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕೇ?

2010ರಲ್ಲಿ ಇದನ್ನು ಮತ್ತೆ ತೆಗೆದರು. ಬೆನಿಸಿಯೊ ಡೆಲ್ ಟೊರೊ ಮಗ, ಆಂಥನಿ ಹಾಪ್ಕಿನ್ಸ್ ಅಪ್ಪ. ಮೇಕಪ್‌ಗೆ ಆಸ್ಕರ್ ಬಂತು, ಬರಬೇಕಾದದ್ದೇ. ಆದರೆ ಅದರಲ್ಲಿ ಅಪ್ಪನೇ ಮೊದಲ ತೋಳ, ಅವನೇ ಖಳ. ಕೊನೆಗೆ ಎರಡು ತೋಳಗಳ ಗುದ್ದಾಟ. ರಕ್ತ ಧಾರಾಳ, ಹೆದರಿಕೆಯೂ ಇದೆ. ಹಳೆಯದರಲ್ಲಿ ಒಳ್ಳೇ ಅಪ್ಪನೊಬ್ಬ ಒಳ್ಳೇ ಮಗನನ್ನು ಕೈಯಾರೆ ಕೊಂದಿದ್ದ. ಆ ಒಂದು ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೊಸಬರು ದುಬಾರಿ ಮಾಡಿ ತೆಗೆದಿದ್ದಾರೆ.

ಚೇನಿ ಒಟ್ಟು ಐದು ಸಿನಿಮಾಗಳಲ್ಲಿ ಲ್ಯಾರಿಯಾದ. ಬೇರೆ ಯಾರಿಗೂ ಆ ಪಾತ್ರ ಬಿಟ್ಟುಕೊಡಲಿಲ್ಲ, ನನ್ನ ಕೂಸು ಅನ್ನುತ್ತಿದ್ದ. ಮುಂದಿನ ಭಾಗಗಳಲ್ಲಿ ಮತ್ತೆ ಎದ್ದು ಬರುವ ಲ್ಯಾರಿಗೆ ಬೇಕಿರುವುದು ಸಾವು, ಇಲ್ಲವೇ ಈ ಶಾಪದಿಂದ ಬಿಡುಗಡೆ, ಅದನ್ನು ಕೊಡಿಸುವವರಿಗಾಗಿ ಅಲೆಯುತ್ತಾನೆ. ಕೊನೆಯದು 1948ರಲ್ಲಿ ಬಂದ, ಅಬಟ್ ಮತ್ತು ಕಾಸ್ಟೆಲೊ ಜೋಡಿಯ ಹಾಸ್ಯ ಚಿತ್ರ. ಫ್ಲಾರಿಡಾದಲ್ಲಿ ಸಾಮಾನು ಇಳಿಸುವ ಗುಮಾಸ್ತನಾದ ಕಾಸ್ಟೆಲೊಗೆ ಲ್ಯಾರಿ ಲಂಡನ್ನಿನಿಂದ ಫೋನ್ ಮಾಡುತ್ತಾನೆ. ಡ್ರಾಕುಲಾ, ಫ್ರಾಂಕನ್‌ಸ್ಟೈನ್‌ನ ದೈತ್ಯ ಇರುವ ಪೆಟ್ಟಿಗೆಗಳನ್ನು ದಯವಿಟ್ಟು ಕೊಡಬೇಡ ಅಂತ ಎಚ್ಚರಿಸಲು. ಮಾತಿನ ಮಧ್ಯೆ ಚಂದ್ರ ಮೂಡಿ, ಫೋನಿನಲ್ಲಿ ಬರೀ ಗುರ್ ಅನ್ನುವ ಸದ್ದು. ಕಾಸ್ಟೆಲೊಗೆ ಸಿಟ್ಟು ಬರುತ್ತದೆ. ಇಷ್ಟು ದೂರದಿಂದ ಫೋನ್ ಮಾಡಿ ನಾಯಿ ಕೈಲಿ ಮಾತಾಡಿಸ್ತೀಯಲ್ಲಯ್ಯ ಅಂತ ಬೈದು ಫೋನ್ ಇಡುತ್ತಾನೆ.